ಕಂಡವರ ಪುಸ್ತಕ, ಓದಿದವರ ಜಗಳ



ಈ ದತ್ತಿ ಉಪನ್ಯಾಸದ ನಿಯಮಪತ್ರದಲ್ಲಿ ವಿಷಯ ‘ಅಧ್ಯಾತ್ಮ ಸಾಹಿತ್ಯ’ ಎಂದಷ್ಟೇ ಇದೆ. ಉಪನಿಷತ್ತಿನಿಂದ ಹಿಡಿದು ರೈಲು ನಿಲ್ದಾಣದ ಪುಸ್ತಕದಂಗಡಿಯವರೆಗೆ ಏನನ್ನು ಬೇಕಾದರೂ ಅದರೊಳಗೆ ಸೇರಿಸಬಹುದು. ಉಪನಿಷತ್ತಿನ ಕಡೆಯಿಂದ ಬರುವ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ರೈಲು ನಿಲ್ದಾಣದ ಕಡೆಯಿಂದ ಬರುತ್ತೇನೆ. ಯೋಗಿಗಳ ಆತ್ಮಕಥೆ, ಹಿಮಾಲಯದ ಗುರುಗಳ ಹುಡುಕಾಟ, ಸತ್ತು ಬದುಕಿ ಬಂದವರ ಅನುಭವ, ಹಿಂದಿನ ಜನ್ಮದ ನೆನಪು. ಇಂಥ ಪುಸ್ತಕಗಳನ್ನು ವಿಮರ್ಶಕರು ಸಾಮಾನ್ಯವಾಗಿ ಕೈಯಲ್ಲೂ ಮುಟ್ಟುವುದಿಲ್ಲ. ಮನೆಗಳಲ್ಲಿ ಕೈಯಿಂದ ಕೈಗೆ ದಾಟುವುದು ಮಾತ್ರ ಇವೇ. ಒಬ್ಬರು ‘ನನ್ನ ಬದುಕನ್ನೇ ತಿದ್ದಿದ ಪುಸ್ತಕ’ ಎಂದು ಕಣ್ಣಿಗೊತ್ತಿಕೊಂಡದ್ದನ್ನು ಇನ್ನೊಬ್ಬರು ಮೂವತ್ತು ಪುಟ ಓದಿ ‘ಬರೀ ಬುರುಡೆ’ ಎಂದು ಮುಚ್ಚಿಡುತ್ತಾರೆ. ಇಬ್ಬರೂ ತಿಳಿದವರೇ, ಇಬ್ಬರೂ ಪ್ರಾಮಾಣಿಕರೇ. ಹಾಗಿದ್ದರೆ ಜಗಳ ಯಾವುದರ ಮೇಲೆ?

ಆತ್ಮ ಇದೆಯೋ ಇಲ್ಲವೋ ಎಂಬುದರ ಮೇಲೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಹತ್ತಿರ ಹೋಗಿ ನೋಡಿದರೆ ಆತ್ಮವನ್ನು ಗಾಢವಾಗಿ ನಂಬುವವರೇ ಈ ಪುಸ್ತಕಗಳನ್ನು ಕಟುವಾಗಿ ಬೈದಿದ್ದಾರೆ. ಏನನ್ನೂ ನಂಬದವರು ತಲೆದೂಗಿ ಓದಿದ್ದಾರೆ. ‘ನಾನು ಕಂಡೆ’ ಎನ್ನುವ ಲೇಖಕನ ಮಾತು ನಿಜವೇ ಎಂಬುದು ಒಂದು ಪ್ರಶ್ನೆ. ಆ ಮಾತಿನಿಂದ ನನಗೇನಾಯಿತು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಎರಡನೆಯದರ ಉತ್ತರ ಕೊಡುವುದರಿಂದ ಈ ಜಗಳ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಬರೀ ತರ್ಕದಿಂದ ಹೇಳುವುದಕ್ಕಿಂತ ಕೆಲವು ಪುಸ್ತಕಗಳನ್ನೂ ಅವುಗಳ ಓದುಗರನ್ನೂ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೈಸೂರಿನಿಂದಲೇ ಶುರು ಮಾಡೋಣ. ಇಪ್ಪತ್ತನೆಯ ಶತಮಾನದಲ್ಲಿ ಲೋಕವೆಲ್ಲ ಓದಿದ ಎರಡು ಅಧ್ಯಾತ್ಮ ಪುಸ್ತಕಗಳ ಲೇಖಕರು 1930ರ ದಶಕದಲ್ಲಿ, ಒಬ್ಬರ ಹಿಂದೆ ಒಬ್ಬರಂತೆ, ಇದೇ ಊರಿಗೆ ಬಂದಿದ್ದರು. ಮೊದಲನೆಯವರು ಪರಮಹಂಸ ಯೋಗಾನಂದರು. ಹದಿನೈದು ವರ್ಷ ಅಮೆರಿಕದಲ್ಲಿದ್ದು 1935ರಲ್ಲಿ ಭಾರತಕ್ಕೆ ಮರಳಿದಾಗ ಅವರು ಮೈಸೂರು ಸಂಸ್ಥಾನದ ಅತಿಥಿಯಾದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಆಹ್ವಾನ. ಮೈಸೂರಿನ ಪುರಭವನದಲ್ಲಿ, ಮಹಾರಾಜಾ ಕಾಲೇಜಿನಲ್ಲಿ, ವೈದ್ಯಕೀಯ ಕಾಲೇಜಿನಲ್ಲಿ ಭಾಷಣ ಮಾಡಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲೂ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲೂ ದೊಡ್ಡ ಸಭೆಗಳಲ್ಲಿ ಮಾತಾಡಿದ್ದನ್ನು ಅವರೇ 1946ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ ತಮ್ಮ ‘ಯೋಗಿಯ ಆತ್ಮಕಥೆ’ಯಲ್ಲಿ ಬರೆದಿದ್ದಾರೆ. ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದೇ 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ನಡೆದುಕೊಂಡೇ ಬಂದು ಅದೇ ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಬಡ ಹುಡುಗ ಎಚ್. ನರಸಿಂಹಯ್ಯ. ಮುಂದೆ 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದವರು ಅವರೇ. ಯೋಗಿಯ ವೇದಿಕೆಯೂ ಪವಾಡದ ಪರೀಕ್ಷಕನ ಶಾಲೆಯೂ ಒಂದೇ ಕಟ್ಟಡದಲ್ಲಿದ್ದ ನಾಡು ನಮ್ಮದು.

‘ಯೋಗಿಯ ಆತ್ಮಕಥೆ’ಯನ್ನು ಓದಿದವರಿಗೆ ಗೊತ್ತು. ನೆಲದಿಂದ ಮೇಲಕ್ಕೇಳುವ ಸಂತ, ಬೇಕೆಂದ ಪರಿಮಳ ಬರಿಸುವ ಬಾಬಾ, ಹುಲಿಯೊಡನೆ ಸೆಣಸಿದ ಸ್ವಾಮಿ, ಊಟವನ್ನೇ ಮಾಡದ ಗಿರಿಬಾಲಾ, ತೀರಿಕೊಂಡ ಮೂರು ತಿಂಗಳ ಮೇಲೆ ಬೊಂಬಾಯಿಯ ಹೋಟೆಲಿನ ಕೋಣೆಯಲ್ಲಿ ಶಿಷ್ಯನಿಗೆ ಮೈದೋರುವ ಗುರು ಯುಕ್ತೇಶ್ವರರು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹುಡುಗನಾಗಿದ್ದಾಗ ಓದಿ, ಆಮೇಲೆ ವರ್ಷಕ್ಕೊಮ್ಮೆ ಓದುತ್ತಿದ್ದ ಪುಸ್ತಕವಿದು; ಅವರ ಶ್ರದ್ಧಾಂಜಲಿ ಸಭೆಗೆ ಬಂದವರಿಗೆ ಹಂಚಿದ್ದೂ ಇದನ್ನೇ. ಲೆಕ್ಕಾಚಾರದ ತಲೆಯವರು ಇಂಥದ್ದನ್ನು ಓದುವುದಿಲ್ಲ ಎನ್ನುವವರಿಗೆ ಇದು ಉತ್ತರ. ಆದರೆ ಜಾಬ್ಸ್ ಓದಿದರು ಎಂಬುದರಿಂದ ಗಿರಿಬಾಲಾ ಊಟ ಮಾಡಲಿಲ್ಲ ಎಂಬುದು ಸಿದ್ಧವಾಗುವುದಿಲ್ಲ. ಈ ಪುಸ್ತಕವನ್ನು ಮೆಚ್ಚುವವರಲ್ಲೇ ನಾನು ಎರಡು ಬಗೆಯವರನ್ನು ಕಂಡಿದ್ದೇನೆ. ಪವಾಡಗಳಿಗಾಗಿಯೇ ಓದುವವರು ಒಂದು ಬಗೆ. ಪವಾಡದ ಪುಟಗಳನ್ನು ಹಾರಿಸಿ, ಸೇರಾಂಪುರದ ಆಶ್ರಮದಲ್ಲಿ ಗುರು ಶಿಷ್ಯನನ್ನು ದಿನದಿನವೂ ತಿದ್ದಿದ, ಗದರಿಸಿದ ಅಧ್ಯಾಯಕ್ಕೆ ಮತ್ತೆಮತ್ತೆ ಮರಳುವವರು ಇನ್ನೊಂದು ಬಗೆ. ನನ್ನನ್ನು ಎರಡನೆಯ ಸಾಲಿನಲ್ಲಿ ಕೂರಿಸಿ. ಆ ಅಧ್ಯಾಯದಲ್ಲಿ ಒಬ್ಬ ಕಟ್ಟುನಿಟ್ಟಿನ ಮೇಷ್ಟರು ಕಾಣುತ್ತಾರೆ. ಅವರನ್ನು ನಂಬಲು ನನಗೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ.

ಎರಡನೆಯ ಅತಿಥಿ ಪಾಲ್ ಬ್ರಂಟನ್. ಈ ಮನುಷ್ಯನ ಕಥೆಯಲ್ಲಿ ನಮ್ಮ ವಿಷಯದ ತಿರುಳೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕು.

1898ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಂಟನ್ನರ ಮೂಲ ಹೆಸರು ರಾಫೆಲ್ ಹರ್ಸ್ಟ್. ವೃತ್ತಿಯಿಂದ ಪತ್ರಕರ್ತರು. 1930ರ ಹೊತ್ತಿಗೆ ಭಾರತಕ್ಕೆ ಬಂದು ಯೋಗಿಗಳನ್ನು ಹುಡುಕುತ್ತ ಅಲೆದು, 1934ರಲ್ಲಿ ‘ಎ ಸರ್ಚ್ ಇನ್ ಸೀಕ್ರೆಟ್ ಇಂಡಿಯಾ’ ಎಂಬ ಪುಸ್ತಕ ಬರೆದರು. ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಗಳನ್ನು ಚೆಂಗಲ್‌ಪೇಟೆಯಲ್ಲಿ ಕಂಡದ್ದು, ಅವರ ಮಾತಿನಂತೆ ತಿರುವಣ್ಣಾಮಲೈಗೆ ಹೋಗಿ ರಮಣ ಮಹರ್ಷಿಗಳ ಎದುರು ಸುಮ್ಮನೆ ಕೂತದ್ದು, ಆ ಮೌನದಲ್ಲಿ ತಮ್ಮ ಪ್ರಶ್ನೆಗಳೆಲ್ಲ ಕರಗಿದ್ದು, ಎಲ್ಲವನ್ನೂ ಪತ್ರಕರ್ತನ ಚುರುಕಿನಲ್ಲಿ ಬರೆದರು. ರಮಣರ ಹೆಸರು ಕಡಲಾಚೆಗೆ ಹಬ್ಬಿದ್ದು ಬಹುಮಟ್ಟಿಗೆ ಈ ಪುಸ್ತಕದಿಂದ. ಮೇಜರ್ ಚಾಡ್ವಿಕ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಅದನ್ನು ಓದಿ 1935ರಲ್ಲಿ ತಿರುವಣ್ಣಾಮಲೈಗೆ ಬಂದವರು ಸಾಯುವವರೆಗೂ ಅಲ್ಲೇ ಉಳಿದರು. ಪುಸ್ತಕದಲ್ಲಿ ರಮಣರ ಕುರಿತಾದ ಅಧ್ಯಾಯಗಳನ್ನಷ್ಟೇ ಬೇರೆ ಮಾಡಿ ರಮಣಾಶ್ರಮ ಒಂದು ಕಿರುಪುಸ್ತಕವನ್ನೂ ಅಚ್ಚು ಮಾಡಿತು. ಓದುಗನೊಬ್ಬ ಮನೆ ಮಠ ಬಿಟ್ಟು ಬಂದು ನೆಲೆಸುವಂತೆ ಮಾಡುವ ಪುಸ್ತಕಕ್ಕೆ ಇನ್ನೇನು ಪ್ರಮಾಣಪತ್ರ ಬೇಕು ಎಂದು ರಮಣ ಭಕ್ತರು ಕೇಳಿದರೆ ಅದು ಸಹಜ.

ಅದೇ ಪುಸ್ತಕವನ್ನು ಮೆಹೆರ್ ಬಾಬಾ ಅವರ ಭಕ್ತರ ಕೈಗೆ ಕೊಟ್ಟು ನೋಡಿ. ಬ್ರಂಟನ್ ಮೆಹೆರ್ ಬಾಬಾರನ್ನೂ ಕಂಡಿದ್ದರು. ಅವರ ಬಗೆಗಿನ ಅಧ್ಯಾಯ ಅನುಮಾನದಿಂದ, ಹಲವೆಡೆ ಕೊಂಕಿನಿಂದ ತುಂಬಿದೆ. ಲೇಖಕ ಒಬ್ಬನೇ, ಕಣ್ಣು ಅದೇ, ಪ್ರವಾಸವೂ ಅದೇ. ಒಂದು ಆಶ್ರಮದ ಓದುಗರಿಗೆ ಆತ ದೂರದಿಂದ ಬಂದ ಪುಣ್ಯಾತ್ಮ, ಇನ್ನೊಂದು ಆಶ್ರಮದವರಿಗೆ ಗುರುವನ್ನು ಗುರುತಿಸಲಾರದೆ ಹೋದ ಪತ್ರಕರ್ತ. ಅಂದರೆ ಇಬ್ಬರೂ ಪುಸ್ತಕವನ್ನು ಅಳೆದದ್ದು ತಮ್ಮ ಗುರುವಿನ ಅಳತೆಗೋಲಿನಿಂದ. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ನಮ್ಮ ಮಠದ ಸ್ವಾಮಿಗಳ ಪವಾಡ ಚರಿತ್ರೆ ಎನಿಸುತ್ತದೆ, ಪಕ್ಕದ ಮಠದವರ ಪವಾಡ ಪ್ರಚಾರ ಎನಿಸುತ್ತದೆ.

ಬ್ರಂಟನ್ನರಿಗೆ ನಿಜವಾದ ಓದುಗ ಸಿಕ್ಕಿದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅತಿಥಿಯಾಗಿ ಇರಿಸಿಕೊಂಡಿದ್ದರು. ಆಸ್ಥಾನದಲ್ಲಿ ಮಹಾರಾಜರಿಗೆ ತತ್ತ್ವಶಾಸ್ತ್ರದ ಪಾಠ ಹೇಳುತ್ತಿದ್ದವರು ವಿ. ಸುಬ್ರಹ್ಮಣ್ಯ ಅಯ್ಯರ್, ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದು ನಿವೃತ್ತರಾದವರು. ಇಂದು ಅವರ ಹೆಸರು ಮೈಸೂರಿನಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಸ್ವಾಮಿ ನಿಖಿಲಾನಂದರ ಮಾಂಡೂಕ್ಯ ಉಪನಿಷತ್ತಿನ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದವರು ಅವರು. ಮಾಂಡೂಕ್ಯವನ್ನೂ ಗೌಡಪಾದರ ಕಾರಿಕೆಯನ್ನೂ ಅರೆದು ಕುಡಿದಿದ್ದ ಅಯ್ಯರ್ ಅವರ ದಾರಿ ಕಠಿಣವಾದದ್ದು. ಧ್ಯಾನದಲ್ಲಿ ಒಬ್ಬನಿಗೆ ಬೆಳಕು ಕಂಡಿರಬಹುದು, ಆನಂದವಾಗಿರಬಹುದು. ಆದರೆ ಕಂಡದ್ದು ಸತ್ಯವೆಂದು ಆತನಿಗೆ ಹೇಗೆ ಗೊತ್ತು? ಆನಂದ ದೊಡ್ಡದಾಗಿತ್ತು ಎಂಬುದು ಆನಂದದ ಅಳತೆಯಾಯಿತೇ ಹೊರತು ಸತ್ಯದ ಪರೀಕ್ಷೆಯಾಗಲಿಲ್ಲ. ಕನಸಿನಲ್ಲೂ ಅನುಭವ ಗಾಢವಾಗಿಯೇ ಇರುತ್ತದೆ. ಎಚ್ಚರ, ಕನಸು, ನಿದ್ದೆ ಮೂರನ್ನೂ ಒಟ್ಟಿಗೆ ವಿಚಾರಕ್ಕೆ ತಂದುಕೊಳ್ಳದೆ ‘ನಾನು ಕಂಡೆ’ ಎಂಬುದನ್ನು ಮುಂದಿಡಬಾರದು ಎಂಬುದು ಅವರ ಪಟ್ಟು.

ಇದನ್ನು ಹೇಳಿದವರು ನಾಸ್ತಿಕರಲ್ಲ ಎಂಬುದನ್ನು ಗಮನಿಸಬೇಕು. ಅದ್ವೈತದ ಒಳಗಿನಿಂದಲೇ, ಶಂಕರರ ಭಾಷ್ಯವನ್ನು ಕೈಯಲ್ಲಿ ಹಿಡಿದುಕೊಂಡೇ ಒಬ್ಬ ಮೈಸೂರಿನ ಹಿರಿಯರು ಲೋಕಪ್ರಸಿದ್ಧ ಯೋಗದ ಪುಸ್ತಕ ಬರೆದವನಿಗೆ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರು. ಬ್ರಂಟನ್ನರ ದೊಡ್ಡತನವೆಂದರೆ ಅವರು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. 1941ರಲ್ಲಿ ಅವರು ಪ್ರಕಟಿಸಿದ ‘ದಿ ಹಿಡನ್ ಟೀಚಿಂಗ್ ಬಿಯಾಂಡ್ ಯೋಗ’ದಲ್ಲಿ ಅಯ್ಯರ್ ಅವರ ಪ್ರಭಾವ ಪುಟಪುಟದಲ್ಲಿದೆ. ಯೋಗದ ಅನುಭವ ಒಂದು ಮೆಟ್ಟಿಲು, ಅದೇ ಕೊನೆಯಲ್ಲ, ವಿಚಾರವಿಲ್ಲದ ಅನುಭವ ದಾರಿ ತಪ್ಪಿಸಬಲ್ಲದು ಎಂಬುದು ಅದರ ಸಾರ. ಹಳೆಯ ಓದುಗರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. 1934ರ ಬ್ರಂಟನ್ ತಮ್ಮನ್ನು ಮೌನಕ್ಕೆ ಕರೆದೊಯ್ದಿದ್ದರು, 1941ರ ಬ್ರಂಟನ್ ಕೂರಿಸಿ ಪಾಠ ಮಾಡುತ್ತಿದ್ದಾರೆ ಎಂಬ ಅಸಮಾಧಾನ. ಇಂದಿಗೂ ಬಹುಪಾಲು ಓದುಗರು ಓದುವುದು ಮೊದಲನೆಯದನ್ನೇ. ಎರಡನೆಯದು ಬರಹವಾಗಿ ಸ್ವಲ್ಪ ಬಿರುಸು, ಉದ್ದ, ಪುನರುಕ್ತಿಯೂ ಇದೆ; ಅದನ್ನು ಒಪ್ಪುತ್ತೇನೆ. ಆದರೆ ತನ್ನದೇ ಜನಪ್ರಿಯ ಪುಸ್ತಕವನ್ನು ತಾನೇ ಪರೀಕ್ಷೆಗೆ ಒಡ್ಡಿದ ಲೇಖಕರು ಈ ಜಾತಿಯ ಸಾಹಿತ್ಯದಲ್ಲಿ ಅಪರೂಪ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ಬ್ರಂಟನ್ ಆಗಾಗ ಅತಿಥಿಯಾಗಿ ಇಳಿದುಕೊಳ್ಳುತ್ತಿದ್ದ ಮನೆಯೊಂದರಲ್ಲಿ ಜೆಫ್ರಿ ಮ್ಯಾಸನ್ ಎಂಬ ಹುಡುಗ ಬೆಳೆದ. ಅಪ್ಪ ಅಮ್ಮ ಬ್ರಂಟನ್ನರ ಭಕ್ತರು. ಈತ ಬೇರೆ ಲೋಕದಿಂದ ಬಂದವನು ಎಂದು ನಂಬಿ ಹುಡುಗ ಆರಾಧಿಸಿದ. ಮಹಾಯುದ್ಧ ಬರಲಿದೆ ಎಂಬ ಅವರ ಮಾತು ನಂಬಿ ಆ ಕುಟುಂಬ ದಕ್ಷಿಣ ಅಮೆರಿಕದ ಉರುಗ್ವೆಗೆ ವಲಸೆಯನ್ನೂ ಹೋಯಿತು. ಯುದ್ಧ ಬರಲಿಲ್ಲ. ಹುಡುಗ ದೊಡ್ಡವನಾಗಿ ಸಂಸ್ಕೃತ ಕಲಿತು ಪ್ರಾಧ್ಯಾಪಕನಾದ ಮೇಲೆ, ತನ್ನ ಗುರುವಿಗೆ ಸಂಸ್ಕೃತ ಅಷ್ಟಕ್ಕಷ್ಟೇ ಎಂಬುದು ತಿಳಿಯಿತು. 1993ರಲ್ಲಿ ‘ಮೈ ಫಾದರ್ಸ್ ಗುರು’ ಎಂಬ ಪುಸ್ತಕದಲ್ಲಿ ಮ್ಯಾಸನ್ ಈ ಭ್ರಮನಿರಸನವನ್ನು ಬಿಚ್ಚಿಟ್ಟರು. ಅದೇ ಹೊತ್ತಿಗೆ ಬ್ರಂಟನ್ನರ ಟಿಪ್ಪಣಿಗಳನ್ನು ಹದಿನಾರು ಸಂಪುಟಗಳಲ್ಲಿ ಅಚ್ಚು ಮಾಡಿ ಮುಗಿಸಿದ್ದ ಇನ್ನೊಂದು ಶಿಷ್ಯವರ್ಗವೂ ಅಮೆರಿಕದಲ್ಲೇ ಇತ್ತು. ಚಾಡ್ವಿಕ್, ಅಯ್ಯರ್, ಮ್ಯಾಸನ್: ಒಬ್ಬ ಲೇಖಕನ ಮೂರು ಓದುಗರು. ಒಬ್ಬರಿಗೆ ಆ ಪುಸ್ತಕ ದಾರಿ ತೋರಿತು, ಒಬ್ಬರು ಲೇಖಕನಿಗೇ ದಾರಿ ತೋರಿದರು, ಮೂರನೆಯವರಿಗೆ ಬಾಲ್ಯವೇ ಮೋಸವಾಯಿತು ಎನಿಸಿತು. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಲೇಖಕನನ್ನು ಪರೀಕ್ಷೆ ಮಾಡಿದವರು ಅಯ್ಯರ್ ಒಬ್ಬರೇ. ಚಾಡ್ವಿಕ್ ಹೇಳಿದ್ದು ತನಗೆ ದೊರೆತದ್ದನ್ನು, ಮ್ಯಾಸನ್ ಹೇಳಿದ್ದು ತಾನು ಕಳೆದುಕೊಂಡದ್ದನ್ನು.

ನಮ್ಮ ನ್ಯಾಯಶಾಸ್ತ್ರದಲ್ಲಿ ಇದಕ್ಕೊಂದು ಕಟ್ಟಳೆ ಇದೆ. ಶಬ್ದವೂ ಪ್ರಮಾಣವೇ, ಆದರೆ ಆಪ್ತನ ಶಬ್ದ ಮಾತ್ರ. ಆಪ್ತನೆಂದರೆ ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳುವ ಇಚ್ಛೆಯುಳ್ಳವನು. ಎರಡೂ ಬೇಕು: ಅರಿವು ಇದ್ದರೆ ಸಾಲದು, ಪ್ರಾಮಾಣಿಕತೆ ಇದ್ದರೂ ಸಾಲದು. ಆ ಶಾಸ್ತ್ರಕ್ಕೆ ವಾತ್ಸ್ಯಾಯನರು ಬರೆದ ಭಾಷ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಹೇಳುತ್ತದೆ. ಕಾವಿ ಉಟ್ಟಿದ್ದಾನೆ ಎಂದು ರಿಯಾಯಿತಿ ಇಲ್ಲ, ಕೋಟು ತೊಟ್ಟಿದ್ದಾನೆ ಎಂದು ಅನುಮಾನವೂ ಇಲ್ಲ. ಜನಪ್ರಿಯ ಅಧ್ಯಾತ್ಮವನ್ನು ಓದುವವರಿಗೆ ಇದಕ್ಕಿಂತ ಉದಾರವೂ ಕಟ್ಟುನಿಟ್ಟೂ ಆದ ನಿಯಮ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈ ನಿಯಮವನ್ನು ಒಂದು ವಿಲಕ್ಷಣ ಪುಸ್ತಕಕ್ಕೆ ಹಚ್ಚಿ ನೋಡೋಣ. 1956ರಲ್ಲಿ ಲಂಡನ್ನಿನಿಂದ ‘ದಿ ಥರ್ಡ್ ಐ’ ಎಂಬ ಪುಸ್ತಕ ಹೊರಬಂತು. ಲೇಖಕ ಲೋಬ್ಸಾಂಗ್ ರಂಪಾ, ತನ್ನನ್ನು ಟಿಬೆಟಿನ ಲಾಮಾ ಎಂದು ಹೇಳಿಕೊಂಡವನು. ಎಂಟನೆಯ ವಯಸ್ಸಿನಲ್ಲಿ ಹಣೆಗೆ ತೂತು ಕೊರೆದು ಮರದ ಚೂರು ಇಳಿಸಿ ಮೂರನೆಯ ಕಣ್ಣು ತೆರೆದ ಶಸ್ತ್ರಚಿಕಿತ್ಸೆ, ಮನುಷ್ಯರನ್ನು ಹೊತ್ತು ಹಾರುವ ಗಾಳಿಪಟಗಳು, ಹಿಮಮಾನವನ ಭೇಟಿ, ಲ್ಹಾಸಾದ ಚಕ್ಪೋರಿ ವೈದ್ಯಶಾಲೆಯ ಓದು, ಎಲ್ಲವೂ ಅದರಲ್ಲಿತ್ತು. ಪ್ರಕಾಶಕರಿಗೇ ಧೈರ್ಯ ಸಾಲದೆ ಹಸ್ತಪ್ರತಿಯನ್ನು ಇಪ್ಪತ್ತರಷ್ಟು ಮಂದಿಗೆ ಕಳಿಸಿ ಅಭಿಪ್ರಾಯ ಕೇಳಿದ್ದರು. ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ದಶನಾಮಿ ಸಂನ್ಯಾಸಿಯಾದ ಅಗೇಹಾನಂದ ಭಾರತಿಯವರಿಗೆ ಮೊದಲ ಪುಟಗಳಲ್ಲೇ ಮೋಸದ ವಾಸನೆ ಬಡಿದಿತ್ತು. ಆದರೂ ಪುಸ್ತಕ ಅಚ್ಚಾಯಿತು, ಲಕ್ಷಗಟ್ಟಲೆ ಜನ ಓದಿದರು. ಟಿಬೆಟಿನಲ್ಲಿ ಏಳು ವರ್ಷ ಕಳೆದಿದ್ದ ಹೈನ್‌ರಿಶ್ ಹಾರರ್ ತಡೆಯಲಾರದೆ ಪತ್ತೇದಾರನೊಬ್ಬನನ್ನು ನೇಮಿಸಿದರು. 1958ರಲ್ಲಿ ಗುಟ್ಟು ರಟ್ಟಾಯಿತು. ಲಾಮಾ ರಂಪಾ ಎಂದರೆ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಕೊಳಾಯಿ ಕೆಲಸದವನ ಮಗನಾಗಿ ಹುಟ್ಟಿದ ಸಿರಿಲ್ ಹಾಸ್ಕಿನ್. ಟಿಬೆಟಿಗೆ ಕಾಲಿಟ್ಟವನೇ ಅಲ್ಲ.

ಆತ ಕೊಟ್ಟ ಸಮಜಾಯಿಷಿಯೇ ನಮ್ಮ ಮಟ್ಟಿಗೆ ಸ್ವಾರಸ್ಯದ್ದು. ಮನೆಯ ತೋಟದಲ್ಲಿ ಗೂಬೆಯೊಂದರ ಫೋಟೊ ತೆಗೆಯಲು ಮರ ಹತ್ತಿ ಬಿದ್ದನಂತೆ. ಪ್ರಜ್ಞೆ ತಪ್ಪಿದಾಗ ಒಬ್ಬ ಲಾಮಾ ಬಂದು ಆ ದೇಹವನ್ನು ಕೇಳಿ ಪಡೆದನಂತೆ. ಅಂದಿನಿಂದ ದೇಹ ಹಾಸ್ಕಿನ್ನನದು, ಆತ್ಮ ರಂಪಾನದು. ಇಂಗ್ಲೆಂಡಿನ ಪತ್ರಿಕೆಗಳು ಬಿದ್ದು ಬಿದ್ದು ನಕ್ಕವು. ಕನ್ನಡದ ಓದುಗರು ಅಷ್ಟು ಸುಲಭವಾಗಿ ನಗಲಾರರು. ಉಭಯಭಾರತಿಯ ಪ್ರಶ್ನೆಗೆ ಉತ್ತರ ತಿಳಿಯಲು ಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ನಾವು ಹರಿಕಥೆಯಲ್ಲಿ ಕೇಳಿ ಬೆಳೆದವರು. ಪರಕಾಯ ಪ್ರವೇಶವೇ ಸಾಧ್ಯವಿಲ್ಲ ಎಂದು ರಂಪಾನನ್ನು ತಳ್ಳಿಹಾಕಿದರೆ ಶಂಕರವಿಜಯವನ್ನೂ ತಳ್ಳಬೇಕಾಗುತ್ತದೆ. ಹಾಗೆ ತಳ್ಳುವವರಿಗೆ ತೊಂದರೆಯಿಲ್ಲ. ತಳ್ಳಲು ಇಷ್ಟವಿಲ್ಲದವರು ಏನು ಮಾಡಬೇಕು? ಆಪ್ತನ ನಿಯಮ ಇಲ್ಲಿ ಕೈಹಿಡಿಯುತ್ತದೆ. ಅಮರುಕನ ಕಥೆಯನ್ನು ಶಂಕರರು ತಾವೇ ಎಲ್ಲೂ ಹೇಳಿಕೊಂಡಿಲ್ಲ. ಅವರ ಭಾಷ್ಯ ಆ ಕಥೆಯ ಆಸರೆಯ ಮೇಲೆ ನಿಂತೂ ಇಲ್ಲ. ಬಹುಕಾಲದ ನಂತರ ಅದನ್ನು ಕಾವ್ಯದಲ್ಲಿ ಹೇಳಿದವರು ಬೇರೆಯವರು. ಹಾಸ್ಕಿನ್ನನ ಪುಸ್ತಕ ನಿಂತಿರುವುದು ‘ಇದು ನನಗೇ ಆದದ್ದು’ ಎಂಬ ಒಂದೇ ಕಂಬದ ಮೇಲೆ. ಪ್ರಕಾಶಕರು ಟಿಬೆಟನ್ ಭಾಷೆಯಲ್ಲಿ ಒಂದು ವಾಕ್ಯ ಹೇಳಿ ಪರೀಕ್ಷಿಸಿದಾಗ ಆತನಿಗೆ ಅದು ಅರ್ಥವಾಗಲಿಲ್ಲ. ಕಂಬ ಅಲ್ಲೇ ಮುರಿಯಿತು. ಆತ್ಮ ದೇಹ ಬದಲಿಸುತ್ತದೆಯೇ ಎಂಬ ತತ್ತ್ವದ ಪ್ರಶ್ನೆಯನ್ನು ಮುಟ್ಟದೆಯೇ ಪುಸ್ತಕದ ತೀರ್ಪು ಕೊಡಬಹುದು.

ಆದರೂ ಓದುಗರು ರಂಪಾನನ್ನು ಬಿಡಲಿಲ್ಲ. ಆತ ಮತ್ತೆ ಮತ್ತೆ ಬರೆದ. 1964ರ ಒಂದು ಪುಸ್ತಕವನ್ನು ತನ್ನ ಸಾಕುಬೆಕ್ಕು ಹೇಳಿ ಬರೆಸಿತು ಎಂದ. ಅದನ್ನೂ ಕೊಂಡವರಿದ್ದರು. ಮಿಶಿಗನ್ ವಿಶ್ವವಿದ್ಯಾಲಯದ ಟಿಬೆಟ್ ವಿದ್ವಾಂಸ ಡೊನಾಲ್ಡ್ ಲೋಪೆಜ್ ಒಮ್ಮೆ ಲೇಖಕನ ಹಿನ್ನೆಲೆ ತಿಳಿಸದೆ ‘ದಿ ಥರ್ಡ್ ಐ’ಯನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ವಾರಗಟ್ಟಲೆ ಟಿಬೆಟಿನ ಇತಿಹಾಸ, ಧರ್ಮಗಳ ಪಾಠ ಕೇಳಿದ್ದ ವಿದ್ಯಾರ್ಥಿಗಳು ಅದುವರೆಗೆ ಓದಿದ್ದೆಲ್ಲಕ್ಕಿಂತ ಇದೇ ನಿಜವೆನಿಸುತ್ತದೆ ಎಂದು ಮೆಚ್ಚಿದರು. ಸತ್ಯ ತಿಳಿದ ಮೇಲೆ ಬೆಚ್ಚಿಬಿದ್ದರು. 1998ರ ತಮ್ಮ ಪುಸ್ತಕದಲ್ಲಿ ಲೋಪೆಜ್ ಇದನ್ನು ಬರೆದು, ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಯುರೋಪಿನ ಕೆಲವು ಟಿಬೆಟ್ ವಿದ್ವಾಂಸರು ಆ ಕ್ಷೇತ್ರಕ್ಕೆ ಬರಲು ಎಳೆವಯಸ್ಸಿನಲ್ಲಿ ಓದಿದ ಇದೇ ಸುಳ್ಳು ಪುಸ್ತಕ ಕಾರಣವಂತೆ. ಫಲ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಸುಳ್ಳಾಗಿತ್ತು ಎಂದ ಮಾತ್ರಕ್ಕೆ ಆ ವಿದ್ವಾಂಸರ ಜೀವಮಾನದ ದುಡಿಮೆ ಹುಸಿಯಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವಷ್ಟು ಜಾಗ ನಮ್ಮ ತಲೆಯಲ್ಲಿರಬೇಕು.

ಈ ಗಲಾಟೆಯಲ್ಲಿ ಯಾರೂ ಕೇಳದೆ ಉಳಿದವರು ಟಿಬೆಟನ್ನರು. 1959ರಲ್ಲಿ ಚಕ್ಪೋರಿ ವೈದ್ಯಶಾಲೆ ಚೀನೀ ಸೈನ್ಯದ ತೋಪುಗಳಿಗೆ ನಾಶವಾಯಿತು. ದೇಶ ಬಿಟ್ಟು ಬಂದವರಲ್ಲಿ ಸಾವಿರಾರು ಮಂದಿ ನಮ್ಮ ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆ ನೆಲೆಸಿದರು. ಸೇರಾ ಮಠ ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಮುಂಡಗೋಡಿನಲ್ಲಿ ಮರುಹುಟ್ಟು ಪಡೆದವು. ಅಲ್ಲಿ ಅಂಗಳದಲ್ಲಿ ಚಪ್ಪಾಳೆ ತಟ್ಟುತ್ತ ವಾದ ಮಾಡುವ ಎಳೆಯ ಭಿಕ್ಷುಗಳನ್ನು ನೀವು ನೋಡಿರಬಹುದು. ಅವರು ವರ್ಷಗಟ್ಟಲೆ ಕಲಿಯುವುದು ದಿಙ್ನಾಗ, ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರ. ಯಾವ ಮಾತನ್ನು ಏಕೆ ನಂಬಬೇಕು ಎಂಬ ವಿದ್ಯೆ. ಹಣೆಯಲ್ಲಿ ತೂತು ಕೊರೆಯುವ ಲಾಮಾನನ್ನು ಲೋಕ ಕೊಂಡು ಓದಿತು, ತರ್ಕ ಮಾಡುವ ಲಾಮಾ ಪ್ರವಾಸಿಗರ ಫೋಟೊಗೆ ಸಿಕ್ಕಿದ. ನನಗೆ ರಂಪಾನ ಮೇಲಿರುವ ಸಿಟ್ಟು ಇದೊಂದೇ.

ಸತ್ತು ಬದುಕಿದವರ ಪುಸ್ತಕಗಳ ಬಗ್ಗೆ ಎರಡು ಮಾತು. 1975ರಲ್ಲಿ ರೇಮಂಡ್ ಮೂಡಿ ಬರೆದ ‘ಲೈಫ್ ಆಫ್ಟರ್ ಲೈಫ್’ನಿಂದ ಈ ಪ್ರವಾಹ ಶುರುವಾಯಿತು: ಕತ್ತಲ ಸುರಂಗ, ಕೊನೆಯಲ್ಲಿ ಬೆಳಕು. 2010ರಲ್ಲಿ ಅಮೆರಿಕದಲ್ಲಿ, ಅಪಘಾತದಲ್ಲಿ ಗಾಯಗೊಂಡ ಹುಡುಗನೊಬ್ಬ ಸ್ವರ್ಗ ನೋಡಿ ಬಂದ ಕಥೆ ತಂದೆ ಮಗ ಇಬ್ಬರ ಹೆಸರಿನಲ್ಲಿ ಬಂದು ಭರ್ಜರಿಯಾಗಿ ಮಾರಾಟವಾಯಿತು. 2015ರಲ್ಲಿ ಹುಡುಗನೇ ‘ನಾನು ಸಾಯಲಿಲ್ಲ, ಸ್ವರ್ಗಕ್ಕೆ ಹೋಗಲೂ ಇಲ್ಲ’ ಎಂಬರ್ಥದ ಬಹಿರಂಗ ಪತ್ರ ಬರೆದ. ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು. ಅದಕ್ಕೂ ಮೊದಲೇ ಈ ಬಗೆಯ ಪುಸ್ತಕಗಳನ್ನು ಗಟ್ಟಿಯಾಗಿ ವಿರೋಧಿಸಿದ್ದವರಲ್ಲಿ ಶ್ರದ್ಧಾವಂತ ಕ್ರೈಸ್ತರೂ ಇದ್ದರು: ಸ್ವರ್ಗದ ಬಗ್ಗೆ ಬೈಬಲ್ ಇರುವಾಗ ಮಗುವಿನ ಪ್ರವಾಸಕಥನ ಏಕೆ ಎಂಬುದು ಅವರ ಪ್ರಶ್ನೆ. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ ಅವರು ಇಯಾನ್ ಸ್ಟೀವನ್‌ಸನ್ ಜೊತೆ 1986ರಲ್ಲಿ ಪ್ರಕಟಿಸಿದ ಭಾರತದ 16 ಪ್ರಕರಣಗಳ ಅಧ್ಯಯನದಲ್ಲಿ ಸುರಂಗಕ್ಕಿಂತ ಹೆಚ್ಚಾಗಿ ಕಾಣುವುದು ಯಮದೂತರು. ಕರೆದೊಯ್ಯುತ್ತಾರೆ, ಅಲ್ಲಿ ಲೆಕ್ಕದ ಪುಸ್ತಕ ತೆಗೆದು ನೋಡಿ ‘ಇವನಲ್ಲ, ತಪ್ಪಾಗಿದೆ’ ಎಂದು ವಾಪಸು ಕಳಿಸುತ್ತಾರೆ. ಯಮನ ಕಚೇರಿಯೂ ನಮ್ಮ ತಾಲ್ಲೂಕು ಕಚೇರಿಯಂತೆಯೇ! ಇದರಿಂದ ಆ ಅನುಭವ ಸುಳ್ಳೆಂದು ನಾನು ಹೇಳುತ್ತಿಲ್ಲ. ಕಾಣುವವನು ತನ್ನ ಊರಿನ ಕಣ್ಣಿನಿಂದ ಕಾಣುತ್ತಾನೆ, ಓದುವವನೂ ಅಷ್ಟೇ.

ಈ ಪುಸ್ತಕಗಳನ್ನು ಹೆಚ್ಚಾಗಿ ಹಿಡಿಯುವವರು ಯಾರನ್ನಾದರೂ ಕಳೆದುಕೊಂಡವರು ಎಂಬುದನ್ನು ಮರೆಯಬಾರದು. ಗಂಡ ತೀರಿಕೊಂಡ ಆರು ತಿಂಗಳಿಗೆ, ಮಗ ಹೋದ ವರ್ಷಕ್ಕೆ ಇಂಥ ಪುಸ್ತಕ ಮನೆಗೆ ಬರುತ್ತದೆ. ಆಗ ಆ ತಾಯಿಯ ಹತ್ತಿರ ಕೂತು ಪ್ರಮಾಣಶಾಸ್ತ್ರ ಹೇಳುವವನು ವಿಚಾರವಾದಿಯಲ್ಲ, ಒರಟ. ಅವಳು ಪುಸ್ತಕದಿಂದ ಸಾಕ್ಷ್ಯ ಕೇಳುತ್ತಿಲ್ಲ, ರಾತ್ರಿ ಕಳೆಯಲು ಒಂದು ದನಿ ಕೇಳುತ್ತಿದ್ದಾಳೆ. ತಪ್ಪು ಅವಳದಲ್ಲ. ಅವಳ ದುಃಖ ಗೊತ್ತಿದ್ದೂ ‘ಇದು ನಡೆದದ್ದೇ’ ಎಂದು ಮುಖಪುಟದ ಮೇಲೆ ಅಚ್ಚು ಹಾಕಿ ಮಾರುವವರನ್ನು ಮಾತ್ರ ಬಿಡಬಾರದು. ಕನ್ನಡದ ಪ್ರಕಾಶಕರಿಗೂ ಈ ಮಾತು ಸಲ್ಲುತ್ತದೆ.

ಇನ್ನು ನಮ್ಮ ಕಪಾಟಿಗೆ ಬರೋಣ. ಕನ್ನಡದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಬಾಯಲ್ಲಿರುವ ತತ್ತ್ವದ ಪುಸ್ತಕ ‘ಮಂಕುತಿಮ್ಮನ ಕಗ್ಗ’. 1943ರಲ್ಲಿ ಬಂದ ಇದರಲ್ಲಿ 945 ಪದ್ಯಗಳಿವೆ. ಡಿ.ವಿ.ಜಿ. ಅವರು ಎಲ್ಲೂ ‘ನನಗೆ ದರ್ಶನವಾಯಿತು’ ಎನ್ನುವುದಿಲ್ಲ. ಮಾತನ್ನು ಮಂಕ ಎಂದು ಕರೆಸಿಕೊಳ್ಳುವ ತಿಮ್ಮನ ಬಾಯಲ್ಲಿಟ್ಟು ತಾವು ಪಕ್ಕಕ್ಕೆ ಸರಿದರು. ಹಾಗಾಗಿ ಕಗ್ಗದ ಓದುಗರಲ್ಲಿ ಜಗಳವಿದ್ದರೂ ಅದು ಮೋಸದ ಜಗಳವಲ್ಲ. ಒಬ್ಬರು ಅದನ್ನು ಕನ್ನಡದ ಭಗವದ್ಗೀತೆ ಎನ್ನುತ್ತಾರೆ, ದಿನಕ್ಕೊಂದು ಪದ್ಯ ಓದುತ್ತಾರೆ, ಗಮಕದಲ್ಲಿ ಹಾಡುತ್ತಾರೆ. ಇನ್ನೊಬ್ಬರು ಅದು ಬಂದದ್ದನ್ನು ಸಹಿಸಿಕೊಳ್ಳಲು ಕಲಿಸುವ ನೌಕರವರ್ಗದ ಸಮಾಧಾನ ಎನ್ನುತ್ತಾರೆ. ನನಗೆ ಇಬ್ಬರ ಮೇಲೂ ಒಂದೇ ದೂರು: ಬಿಡಿ ಪದ್ಯ ಓದುತ್ತಾರೆ, ಪುಸ್ತಕ ಓದುವುದಿಲ್ಲ. ದೇವರೆಂಬುದು ಇದೆಯೇ, ಈ ಸೃಷ್ಟಿಗೆ ಅರ್ಥವಿದೆಯೇ, ಇದೆಲ್ಲ ಯಾರ ಆಟ ಎಂದು ಕಗ್ಗದ ಆರಂಭದ ಪದ್ಯಗಳು ಕೇಳುವ ಪ್ರಶ್ನೆಗಳು ಯಾವ ನಾಸ್ತಿಕನಿಗೂ ಸಾಲುವಷ್ಟಿವೆ. ಶುಭಾಶಯ ಪತ್ರಗಳ ಮೇಲೂ ಬೆಳಗಿನ ವಾಟ್ಸ್ಆ್ಯಪ್ ಸಂದೇಶಗಳಲ್ಲೂ ಆ ಪ್ರಶ್ನೆಗಳು ಬರುವುದಿಲ್ಲ, ಉತ್ತರಗಳಷ್ಟೇ ಬರುತ್ತವೆ.

ಇದೇ ಕಪಾಟಿನ ಇನ್ನೊಂದು ಪುಸ್ತಕ, ಎ.ಎನ್. ಮೂರ್ತಿರಾಯರು ತಮ್ಮ ತೊಂಬತ್ತರ ಆಸುಪಾಸಿನಲ್ಲಿ ಬರೆದ ‘ದೇವರು’, 1991ರಲ್ಲಿ ಪ್ರಕಟವಾಯಿತು. ದೇವರಿಲ್ಲ ಎಂಬ ತೀರ್ಮಾನಕ್ಕೆ ತಾವು ಬಂದ ಬಗೆಯನ್ನು, ನಂಬಿದವರನ್ನು ಒಂದು ಸಲವೂ ಹಂಗಿಸದೆ, ಮನೆಯ ಜಗಲಿಯಲ್ಲಿ ಕೂತು ಮಾತಾಡುವ ಧಾಟಿಯಲ್ಲಿ ಹೇಳಿದರು. ಅದನ್ನು ಮೆಚ್ಚಿ ಓದಿದವರಲ್ಲಿ ನಿತ್ಯ ಪೂಜೆ ಮಾಡುವವರೂ ಇದ್ದರು ಎಂಬುದನ್ನು ನಾನೇ ಬಲ್ಲೆ. ಅವರಿಗೆ ತೀರ್ಮಾನ ಒಪ್ಪಿಗೆಯಾಗಲಿಲ್ಲ, ಮನುಷ್ಯ ಒಪ್ಪಿಗೆಯಾದರು. ಅರಿತಷ್ಟನ್ನೇ ಅರಿತಂತೆ ಹೇಳುವವರನ್ನು ಓದುಗರು ಗುರುತಿಸುತ್ತಾರೆ ಎನ್ನಲು ನನಗೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಕನ್ನಡದಲ್ಲಿ ಸಿಗಲಿಲ್ಲ.

ಕೊನೆಗೆ ಕೆಲವು ಕೋರಿಕೆಗಳು. ಗ್ರಂಥಾಲಯದ ಅಧಿಕಾರಿಗಳು ಯಾರಾದರೂ ಇಲ್ಲಿದ್ದರೆ: ‘ಯೋಗಿಯ ಆತ್ಮಕಥೆ’ಯ ಪಕ್ಕದಲ್ಲಿ ‘ದೇವರು’ ಇಡಿ, ಬೇರೆ ಬೇರೆ ಕೋಣೆಗೆ ಕಳಿಸಬೇಡಿ. ಮೈಸೂರು ವಿಶ್ವವಿದ್ಯಾಲಯದ ಗೆಳೆಯರಿಗೆ: ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಬರಹಗಳಲ್ಲಿ ಮುಖ್ಯವಾದವನ್ನಾದರೂ ಆರಿಸಿ ಕನ್ನಡಕ್ಕೆ ತನ್ನಿ. ನಿಮ್ಮದೇ ರಿಜಿಸ್ಟ್ರಾರ್ ಅವರು. ನಿಮಗೆಲ್ಲರಿಗೂ: ಬ್ರಂಟನ್ನರ 1934ರ ಪುಸ್ತಕವನ್ನು ಮೆಚ್ಚಿ ಓದಿದವರು ದಯವಿಟ್ಟು 1941ರದನ್ನೂ ಓದಿ. ಬೇಸರವಾದರೆ ಮೊದಲ ನೂರು ಪುಟ ಸಾಕು.